ಹತ್ತು ಕಂಪ್ಯೂಟರ್, ಎರಡು ಕಾಲೇಜು

೨-೩-೯೮, ಸೋಮವಾರ

ಎರಡು ಮೆಷಿನ್ ಆಯಿತು. ಇನ್ನು ಎಂಟು ಬಾಕಿ.

ಹೋದ ವರ್ಷ ಇನ್‌ಸ್ಪೆಕ್ಷನ್‌ಗೆ ಬಂದ ವಿಶ್ವವಿದ್ಯಾಲಯದ ಕಮಿಟಿಯವರು ಲ್ಯಾಬಿನಲ್ಲಿ ಪ್ರೋಗ್ರಾಂ ಟೈಪ್ ಮಾಡಲು ಇದ್ದ ಎಡಿಟರ್‌ನ ಲೈಸೆನ್ಸ್ ಕೇಳಿದ್ದರಂತೆ. ಕದ್ದ ಕಾಪಿ. ಲೈಸೆನ್ಸ್ ಎಲ್ಲಿಂದ ಬರಬೇಕು? ಈ ಸಲ ಪುಕ್ಕಟೆ ಎಡಿಟರ್ ಹಾಕಿ ಎಂದು ಪ್ರಿನ್ಸಿಪಾಲರ ಅಪ್ಪಣೆ. ಬೆಂಗಳೂರಿನ ಗೆಳೆಯ ಅನಿಲ್‌ಕುಮಾರ್ ಇಮ್ಯಾಕ್ಸ್ ಎಂಬುದರ ಸಿ.ಡಿ. ಕೊಟ್ಟ. ಕಂಪೈಲ್ ಮಾಡಿಯೇ ಇಟ್ಟಿದ್ದಾರೆ, ಬಿಚ್ಚಿ ಹಾಕಿದರೆ ಓಡುತ್ತದೆ ಎಂದ. ಓಡುತ್ತದೆ, ನಿಜ. ಆದರೆ ಹತ್ತು ಮೆಷಿನ್‌ಗೆ ಸಿ.ಡಿ. ಡ್ರೈವ್ ಇರುವುದು ಒಂದಕ್ಕೆ. ಉಳಿದ ಒಂಬತ್ತಕ್ಕೆ ಹನ್ನೆರಡು ಫ್ಲಾಪಿಗಳಲ್ಲಿ ಹಂಚಿ ಸಾಗಿಸಬೇಕು.

ಎರಡನೇ ಮೆಷಿನ್‌ನಲ್ಲಿ ಹಳೆಯ ಡಾಸ್ ಅನ್‌ಜಿಪ್‌ನಿಂದ ಬಿಚ್ಚಿದೆ. ಎಂಟಕ್ಷರ ಮೀರಿದ ಫೈಲ್ ಹೆಸರನ್ನೆಲ್ಲ ಕತ್ತರಿಸಿ ಹಾಕಿತು. ಏನೂ ಓಡಲಿಲ್ಲ. ಹೀಗೆ ಮಾಡಬೇಡಿ ಎಂದು ಜೊತೆಗಿದ್ದ ಕೈಪಿಡಿಯಲ್ಲೇ ಬರೆದಿದೆ. ಓದದೆ ಮಾಡಿದ್ದು ನನ್ನ ತಪ್ಪು. ಅಳಿಸಿ ಮತ್ತೆ ಮೊದಲಿನಿಂದ... ಮಧ್ಯಾಹ್ನ ಪೂರ್ತಿ ಹೋಯಿತು.

೪-೩-೯೮

ಏಳನೇ ಫ್ಲಾಪಿ ಕೆಟ್ಟಿತು. ಐದನೇ ಮೆಷಿನ್‌ನಲ್ಲಿ ಕರ್ ಕರ್ ಎಂದು ಸದ್ದು ಮಾಡಿ ನಿಂತೇಹೋಯಿತು. ಹೊಸದು ಕೇಳಿದರೆ ಪ್ರಿನ್ಸಿಪಾಲರು ಇಂಡೆಂಟ್ ಬರೆಯಿರಿ ಎಂದರು. ಅವರು ತಲೆ ಎತ್ತಲಿಲ್ಲ. ಪೇಪರ್ ತುಂಬ ಮತ ಎಣಿಕೆ, ಅದರಲ್ಲಿ ಮುಳುಗಿದ್ದರು.

ಮುನಿರತ್ನ ತನ್ನ ಫ್ಲಾಪಿ ಕೊಟ್ಟಳು. ಕೊನೆಯ ವರ್ಷದ ಬಿ.ಎಸ್ಸಿ. ಬೂದಿಗೆರೆಯಿಂದ ಮೊದಲ ಬಸ್ಸಿಗೆ ಬಂದು ಲ್ಯಾಬಿನ ಬಾಗಿಲಲ್ಲಿ ಕಾಯುತ್ತಾಳೆ. ಮೂವತ್ತೊಂದು ವಿದ್ಯಾರ್ಥಿಗಳಲ್ಲಿ ಸ್ವಂತವಾಗಿ ಪ್ರೋಗ್ರಾಂ ಬರೆಯುವುದು ಇವಳೊಬ್ಬಳೇ. ಊರಿನ ಡೈರಿಗೆ ಯಾರು ಎಷ್ಟು ಲೀಟರ್ ಹಾಕಿದರು, ದಿನಕ್ಕೆ ಫ್ಯಾಟ್ ಸರಾಸರಿ ಎಷ್ಟು — ಅದರ ಪ್ರೋಗ್ರಾಂ. ಪ್ರಾಕ್ಟಿಕಲ್ ಪರೀಕ್ಷೆಗೂ ಅದನ್ನೇ ತೋರಿಸುತ್ತಾಳೆ.

"ನಿನ್ನ ಪ್ರೋಗ್ರಾಂ ಇದರಲ್ಲೇ ಇದೆಯಲ್ಲಮ್ಮ?"

"ನಾಲ್ಕನೇ ಮೆಷಿನ್‌ಗೆ ಹಾಕಿದೀನಿ ಸಾರ್. ಇದನ್ನ ಅಳ್ಸ್ಕೊಳ್ಳಿ. ಎಲ್ಲಿಗ್ ಹೋಗುತ್ತೆ?"

ಅಳಿಸಿ ಇಮ್ಯಾಕ್ಸ್‌ನ ಏಳನೇ ಭಾಗ ತುಂಬಿದೆ.

೭-೩-೯೮, ಶನಿವಾರ

ಹತ್ತೂ ಮುಗಿಯಿತು. ಕಂಟ್ರೋಲ್ ಎಕ್ಸ್, ಕಂಟ್ರೋಲ್ ಎಸ್ ಒತ್ತಿದರೆ ಸೇವ್. ಹುಡುಗರಿಗೆ ಮೊದಲು ಬೇಸರ, ಆಮೇಲೆ ಆಟ. ಮುನಿರತ್ನ ಎರಡೇ ದಿನದಲ್ಲಿ ನನಗಿಂತ ಚುರುಕು.

ಸಂಜೆ ಟ್ರಸ್ಟಿನ ಸೆಕ್ರೆಟರಿ ವೆಂಕಟರಾಯಪ್ಪನವರು ನೋಡಲು ಬಂದರು. ಹೊಸಕೋಟೆಯಲ್ಲಿ ನಮ್ಮದು, ದೇವನಹಳ್ಳಿಯಲ್ಲಿ ಇನ್ನೊಂದು — ಎರಡೂ ಕಾಲೇಜು ಇವರವೇ. ಬಾಯಿ ತುಂಬ ಎಲೆಯಡಿಕೆ.

"ಏನಪ್ಪಾ ಚಿನ್ನಸ್ವಾಮಿ, ಪುಕ್ಸಟ್ಟೆ ಅಂತೀಯ. ಪುಕ್ಸಟ್ಟೆ ಸಿಕ್ಕಿದ್ರಲ್ಲಿ ವೈರಸ್ ಇರಲ್ವಾ?"

ಇಲ್ಲ ಸಾರ್ ಎಂದೆ.

"ನೋಡಪ್ಪಾ, ಜಗತ್ತಲ್ಲಿ ಇಂಥ ಪುಣ್ಯಾತ್ಮರೂ ಅವ್ರೆ" ಎಂದು ಲ್ಯಾಬಿನ ಕಿಟಕಿಯಿಂದಲೇ ಉಗಿದರು. ಸರಳಿನ ಮೇಲೆ ಕೆಂಪು ಕಲೆ. ಆಯಾ ಪಿಳ್ಳಮ್ಮ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಬಕೆಟ್ ತಂದಳು.

೧೨-೩-೯೮, ಗುರುವಾರ

ಕಮಿಟಿ ಬಂತು. ಚೇರ್ಮನ್, ಮತ್ತೊಬ್ಬರು, ಕಂಪ್ಯೂಟರ್ ವಿಭಾಗದ ಒಬ್ಬ ಮೇಡಂ. ಹನ್ನೊಂದಕ್ಕೆ ಬರಬೇಕಾದವರು ಹನ್ನೆರಡೂವರೆಗೆ ಬಂದರು. ಬಂದ ಕೂಡಲೇ ಎಳನೀರು, ಗೋಡಂಬಿ, ಶಾಲು. ಚೇರ್ಮನ್ ಲ್ಯಾಬಿನ ಬಾಗಿಲಲ್ಲೇ ನಿಂತು ಬೆರಳಲ್ಲಿ ಹತ್ತು ಎಣಿಸಿ ಸ್ಟಾಫ್ ರೂಮಿಗೆ ಹೋದರು. ಅಲ್ಲಿಂದ ಬಿರಿಯಾನಿ ವಾಸನೆ ಬರುತ್ತಿತ್ತು.

ಮೇಡಂ ಮಾತ್ರ ಕುಳಿತರು. ಇಮ್ಯಾಕ್ಸ್ ನೋಡಿ ಮುಖ ಅರಳಿತು. "ಇದನ್ನ ಯಾರು ಹಾಕಿದ್ದು?" ನಾನು ಎಂದೆ. ನಾಲ್ಕನೇ ಮೆಷಿನ್‌ನಲ್ಲಿ ಮುನಿರತ್ನಳ ಪ್ರೋಗ್ರಾಂ ತೆರೆದು ಪೂರ್ತಿ ಓದಿದರು. ಮೇಲ್ಗಡೆ ಅವಳ ಹೆಸರು, ತರಗತಿ, ಊರು ಇತ್ತು. ಅದರ ಕೆಳಗೆ ತಾವೇ ಟೈಪ್ ಮಾಡಿದರು — ಹಾಲು ಬಾರದ ದಿನ ಏನಾಗುತ್ತದೆ? ಸೊನ್ನೆಯಿಂದ ಭಾಗಿಸುತ್ತದೆ, ಸರಿಪಡಿಸು. ಉಳಿದದ್ದು ಚೆನ್ನಾಗಿದೆ. ಇನಿಷಿಯಲ್, ತಾರೀಕು. ಸೇವ್ ಮಾಡಿ ಎದ್ದರು.

ಆ ಹುಡುಗಿ ಹೊರಗೆ ಸಾಲಿನಲ್ಲಿ ನಿಂತಿದ್ದಳು. ಸ್ವಾಗತ ಕೋರಲು ಕೈಗೆ ಗುಲಾಬಿ ಕೊಟ್ಟು ನಿಲ್ಲಿಸಿದ್ದರು.

ಅದೇ ದಿನ, ಸಂಜೆ ಐದೂವರೆ

ಬರೆಯಲು ಹೇಸಿಗೆ. ಆದರೂ ನಡೆದದ್ದು ಬರೆದಿಡುತ್ತೇನೆ.

ಕಮಿಟಿಯ ಕಾರು ಗೇಟು ದಾಟಿತು, ಹಿಂದೆಯೇ ಲಕ್ಷ್ಮಯ್ಯನ ಟೆಂಪೊ ಒಳಗೆ ಬಂತು. ಹತ್ತೂ ಮೆಷಿನ್ ಅದಕ್ಕೆ ಹೇರಬೇಕು. ಶನಿವಾರ ಇದೇ ಕಮಿಟಿ ದೇವನಹಳ್ಳಿಗೆ ಹೋಗುತ್ತದೆ. ಅಲ್ಲಿ ಒಂದೂ ಕಂಪ್ಯೂಟರ್ ಇಲ್ಲ.

"ಪ್ರತಿ ವರ್ಷ ಹಿಂಗೇನೇ" ಎಂದ ಲಕ್ಷ್ಮಯ್ಯ. "ನೀವ್ ಹೊಸಬ್ರು, ನಿಮ್ಗೊತ್ತಿಲ್ಲ. ಹೋದ್ವರ್ಷ ಲೈಬ್ರರಿ ಪುಸ್ತಕಾನೂ ನಾನೇ ಹೊಡೆದೆ."

ಸೆಕ್ರೆಟರಿಯವರ ಆಜ್ಞೆ: ಹೊಸಕೋಟೆ ಎನ್ನುವುದರ ಗುರುತು ಯಾವುದೂ ಒಳಗೆ ಇರಬಾರದು. ವಿದ್ಯಾರ್ಥಿಗಳ ಫೈಲೆಲ್ಲ ಅಳಿಸು.

ಅಳಿಸಿದೆ. ಮುನಿರತ್ನಳದಕ್ಕೆ ಬಂದಾಗ ಕೈ ಏಳಲಿಲ್ಲ. ಬೇರೆ ಪ್ರತಿ ಇಲ್ಲ. ಅವಳ ಫ್ಲಾಪಿ ನಾನೇ ತಿಂದು ಕೂತಿದ್ದೇನೆ. ಹನ್ನೆರಡು ಫ್ಲಾಪಿಯೂ ಪ್ರಿನ್ಸಿಪಾಲರ ಬೀರುವಿನಲ್ಲಿ, ಬೀಗ ಹಾಕಿದೆ. ಖಾಲಿ ಫ್ಲಾಪಿ ಒಂದೂ ಇಲ್ಲ, ಆಚೆ ಹಾರ್ನ್ ಒತ್ತುತ್ತಿದ್ದಾರೆ. ಫೈಲ್ ತೆರೆದು ಅವಳ ಹೆಸರು, ಊರು, ಮೇಡಂ ಬರೆದ ಸಾಲು ಇಷ್ಟನ್ನು ಮಾತ್ರ ತೆಗೆದು ಸೇವ್ ಮಾಡಿದೆ. ಪ್ರೋಗ್ರಾಂ ಉಳಿಯಿತು.

೧೩-೩-೯೮

ಟೆಂಪೊ ದಿನವೂ ಮಾರ್ಕೆಟ್‌ಗೆ ಕೋಸು ಹೊಡೆಯುವುದು. ಗುಡಿಸಿಯೂ ಇರಲಿಲ್ಲ. ಕೊಳೆತ ಎಲೆಯ ಮೇಲೆ ಮಾನಿಟರ್‌ಗಳು. ಬೂದಿಗೆರೆ ದಾರಿಯ ಗುಂಡಿಗೆಲ್ಲ ಒಂದಕ್ಕೊಂದು ಡಿಕ್ಕಿ. ಹಿಂದೆ ಕುಳಿತು ನಾಲ್ಕನೆಯದನ್ನು ತೊಡೆಯ ಮೇಲಿಟ್ಟುಕೊಂಡೆ. ಪ್ಯಾಂಟಿನ ನಾತ ಎರಡು ಸಲ ಒಗೆದರೂ ಹೋಗಿಲ್ಲ.

ಅಲ್ಲಿ ಎಲ್ಲ ಜೋಡಿಸಿದೆ. ಮೂರನೆಯದು ಬೂಟ್ ಆಗಲಿಲ್ಲ. "ಪವರ್ ಇಲ್ಲ ಅಂದ್ರಾಯ್ತು ಬಿಡಿ" ಎಂದರು ಅಲ್ಲಿನ ಪ್ರಿನ್ಸಿಪಾಲರು.

೧೪-೩-೯೮, ಶನಿವಾರ

ನನ್ನ ಮುಖ ಕಮಿಟಿಗೆ ಗೊತ್ತು. ಅದಕ್ಕೆ ಸ್ಟೋರ್ ರೂಮಿನಲ್ಲಿ ಕೂರಿಸಿದರು. ಮಧ್ಯೆ ಪ್ಲೈವುಡ್ ಅಡ್ಡಗೋಡೆ ಮಾತ್ರ. ಪ್ರತಿ ಮಾತೂ ಕೇಳಿಸಿತು.

ಮೇಡಂ ಒಂದೊಂದೇ ಮೆಷಿನ್ ನೋಡುತ್ತ ಬಂದರು. "ಹತ್ತು ಮೆಷಿನ್ ಇವೆ. ವಿದ್ಯಾರ್ಥಿಗಳು ಬರೆದ ಪ್ರೋಗ್ರಾಂ ಒಂದೇ ಒಂದು ಇದೆಯಲ್ಲ?" ಅಂದರು. ಆಮೇಲೆ ಕೀಲಿ ಒತ್ತುವ ಸದ್ದು ಮಾತ್ರ.

ಆ ಸದ್ದಿಗೆ ನನಗೆ ಹೊಳೆಯಿತು. ಇರುವ ಫೈಲನ್ನು ತಿದ್ದಿ ಸೇವ್ ಮಾಡಿದರೆ ಇಮ್ಯಾಕ್ಸ್ ಹಳೆಯದನ್ನು ಎಸೆಯುವುದಿಲ್ಲ. ಹೆಸರಿನ ಕೊನೆಗೆ ಒಂದು ಅಲೆಯಂಥ ಗುರುತು ಹಾಕಿ ಪಕ್ಕದಲ್ಲೇ ಇಟ್ಟಿರುತ್ತದೆ. ಕೈಪಿಡಿಯಲ್ಲಿ ಓದಿದ್ದೆ. ಅವಸರದಲ್ಲಿ ಮರೆತೆ.

ಮೇಡಂ ತಮ್ಮ ಸಾಲುಗಳನ್ನು ತಾವೇ ಓದುತ್ತಿರಬೇಕು.

"ಮುನಿರತ್ನ ಅಂದ್ರೆ ಯಾರು?"

ಅಲ್ಲಿನ ಪ್ರಿನ್ಸಿಪಾಲರಿಗೆ ಏನು ಗೊತ್ತು. "ನಮ್ ಹುಡ್ಗೀನೇ ಮೇಡಂ... ಏಯ್ ಬಾರಮ್ಮ ಇಲ್ಲಿ. ಇವ್ಳೇ ಮೇಡಂ, ಮುನಿರತ್ನ."

"ಹಾಲು ಬಾರದ ದಿನ ಏನಾಗುತ್ತಮ್ಮ?"

ಆ ಹುಡುಗಿ, ಯಾರ ಮಗಳೋ, ಸ್ವಲ್ಪ ತಡೆದು ಹೇಳಿದಳು. "ಕಾಪಿ ಕುಡಿಯಲ್ಲ ಮೇಡಂ."

ಚೇರ್ಮನ್ ಹೋ ಎಂದು ನಕ್ಕರು. ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ. "ಸರ್, ಇವು ಗುರುವಾರ ಹೊಸಕೋಟೆಯಲ್ಲಿ ನೋಡಿದ ಮೆಷಿನ್‌ಗಳೇ. ನನ್ನ ಬರಹವೇ ಇದೆ ಇದರಲ್ಲಿ" ಎಂದರು.

"ಗೊತ್ತಾಯ್ತು ಬಿಡಿ ಮೇಡಂ. ಹಂಗಂತ ಬರ್ದ್ರೆ ಎರಡೂ ಕಾಲೇಜು ಮುಚ್ಬೇಕಾಗುತ್ತೆ. ಯಾವ್ದೋ ಹುಡ್ಗೀರು ಕಾಪಿ ಹೊಡ್ಕೊಂಡವ್ರೆ ಅಂತ ಬರ್ಕೊಳ್ಳಿ. ಯಾರ್ಗೂ ತೊಂದ್ರೆ ಇಲ್ಲ. ಏಳಿ, ಊಟ ಆರೋಗುತ್ತೆ" ಎಂದರು ಚೇರ್ಮನ್.

ಮೇಡಂ ಏನಾದರೂ ಅನ್ನುತ್ತಾರೆ ಎಂದು ಕಾದೆ. ಕುರ್ಚಿ ಸರಿದ ಸದ್ದು. ಹೋದರು.

ಬಾಗಿಲು ಮೂರು ಹೆಜ್ಜೆ ದೂರ ಇತ್ತು. ಚಿಲಕ ಒಳಗಡೆ, ನನ್ನ ಕಡೆಯೇ ಇತ್ತು. ತೆಗೆಯಲಿಲ್ಲ.

೩೦-೩-೯೮

ಹದಿನೈದು ದಿನ ಬರೆಯಲಿಲ್ಲ. ಯುಗಾದಿ ಬಂತು, ಹೋಯಿತು. ಮೆಷಿನ್‌ಗಳು ವಾಪಸ್ ಬಂದಿವೆ. ಎರಡು ಸತ್ತಿವೆ. ನಾಲ್ಕನೆಯದು ಬದುಕಿದೆ. ಮುನಿರತ್ನಳಿಗೆ ಅವಳ ಫ್ಲಾಪಿ, ಪ್ರೋಗ್ರಾಂ ಎರಡೂ ಕೊಟ್ಟೆ. ಮೇಡಂ ಬರೆದದ್ದನ್ನು ತೋರಿಸಿದೆ. ಒಂದೇ ಗಂಟೆಯಲ್ಲಿ ಸರಿಪಡಿಸಿದಳು. ಉಳಿದದ್ದೇನೂ ನಾನು ಹೇಳಲಿಲ್ಲ. ಹೇಳುವ ಮುಖ ಇರಲಿಲ್ಲ.

ಇವತ್ತು ವಿಶ್ವವಿದ್ಯಾಲಯದಿಂದ ಪತ್ರ. ಎರಡೂ ಕಾಲೇಜಿಗೆ ಮಾನ್ಯತೆ ಮುಂದುವರಿಕೆ. ಕೆಳಗೆ ಇನ್ನೊಂದು ಪ್ಯಾರಾ: ಎರಡೂ ಕಡೆ ಒಂದೇ ಪ್ರೋಗ್ರಾಂ ಕಂಡುಬಂದಿರುವುದರಿಂದ ಮುನಿರತ್ನ ಎಂಬ ವಿದ್ಯಾರ್ಥಿನಿಯ ಮೇಲೆ ನಕಲಿನ ಶಂಕೆ ಇದೆ. ಲ್ಯಾಬ್ ಉಸ್ತುವಾರಿಯವರು ಏಪ್ರಿಲ್ ಏಳರೊಳಗೆ ಲಿಖಿತ ವಿವರಣೆ ಕೊಡಬೇಕು. ಅಲ್ಲಿಯವರೆಗೆ ಹಾಲ್ ಟಿಕೆಟ್ ಇಲ್ಲ.

ಮೂರು ಸಹಿ. ಮೂರನೆಯದು ಮೇಡಂದು.

ಪ್ರಾಕ್ಟಿಕಲ್ ಇಪ್ಪತ್ತಕ್ಕೆ.

೩-೪-೯೮

ವಿವರಣೆಯನ್ನು ಸೆಕ್ರೆಟರಿಯವರೇ ಟೈಪ್ ಮಾಡಿಸಿ ಕಳಿಸಿದ್ದಾರೆ. ವಿದ್ಯಾರ್ಥಿನಿ ಬೇರೆ ಕಾಲೇಜಿನಿಂದ ನಕಲು ಮಾಡಿದ್ದು ನಿಜ, ಕ್ರಮ ಕೈಗೊಳ್ಳಬಹುದು ಎಂದಿದೆ. ಕೆಳಗೆ ನನ್ನ ಹೆಸರು. ಸಹಿಗೆ ಜಾಗ.

ಅವರ ಮನೆಗೇ ಹೋಗಿ ಇದು ಸುಳ್ಳು ಸಾರ್ ಎಂದೆ.

"ಹುಡ್ಗಿ ಮುಂದಿನ್ ವರ್ಷ ಪರೀಕ್ಷೆ ಬರೀಲಿ ಬಿಡು, ಏನ್ ಮುದುಕಿ ಆಗ್ಬಿಡ್ತಾಳಾ? ಕಾಲೇಜ್ ಹೋದ್ರೆ ಉಳಿದ್ ಮೂವತ್ತು ಜನ ಎಲ್ಲೋಗ್ತಾರೆ? ಯೋಚ್ನೆ ಮಾಡು. ನೀನೂ ಇನ್ನೂ ಟೆಂಪರ್‌ವರಿ."

ಮೂವತ್ತು ಜನರ ಬಗ್ಗೆ ಈ ಮನುಷ್ಯ ಯೋಚಿಸಿದ್ದನ್ನು ಇವತ್ತೇ ಕಂಡದ್ದು. ಆದರೂ ಆ ಮಾತು ಒಳಗೆ ಕೂತಿದೆ. ಹೋದ ವರ್ಷ ಒಂದು ಕಾಲೇಜಿನ ಮಾನ್ಯತೆ ಹೋದಾಗ ಅಲ್ಲಿಯವರಿಗೆ ಬೇರೆ ಸೆಂಟರಿನಲ್ಲಿ ಪರೀಕ್ಷೆ ಕೊಟ್ಟರೆಂದು ಪೇಪರಿನಲ್ಲಿ ಓದಿದ ನೆನಪು. ಖಚಿತವಿಲ್ಲ.

ಹಾಳೆ ಜೇಬಿನಲ್ಲಿಟ್ಟುಕೊಂಡು ಬಂದೆ. ಆಗುವುದಿಲ್ಲ ಎಂದು ಹೇಳಲಿಲ್ಲ. ಥೂ.

೪-೪-೯೮, ಶನಿವಾರ

ಮುನಿರತ್ನಳಿಗೆ ಎಲ್ಲ ಹೇಳಿದೆ. ಟೆಂಪೊ, ದೇವನಹಳ್ಳಿ, ಅವಳ ಹೆಸರಿಗೆ ಎದ್ದು ನಿಂತ ಹುಡುಗಿ, ಸ್ಟೋರ್ ರೂಮು. ಅಳುತ್ತಾಳೇನೋ ಎಂದುಕೊಂಡಿದ್ದೆ.

"ನನ್ ಹೆಸ್ರು ನೀವೇ ಅಳ್ಸಿದ್ರಾ ಸಾರ್?"

ಹೌದು ಎಂದೆ. ಪ್ರೋಗ್ರಾಂ ಉಳಿಸಲಿಕ್ಕೆ ಎಂದು ಸೇರಿಸಿದೆ. ಸೇರಿಸಬಾರದಿತ್ತು.

"ನಾನ್ ಬರ್ದಿದ್ದನ್ನ ನಾನೇ ಕಾಪಿ ಹೊಡ್ದೆ ಅಂತ ಆಯ್ತು. ನಮ್ಮಪ್ಪಂಗೆ ಇದನ್ನ ಹೆಂಗ್ ಹೇಳ್ಲಿ? ಮಗ್ಳು ಪ್ರೋಗ್ರಾಂ ಬರ್ದವ್ಳೆ ಅಂತ ಡೈರೀಲಿ ಎಲ್ರಿಗೂ ಹೇಳ್ಕೊಂಡ್ ಓಡಾಡ್ತಾ ಅವ್ನೆ."

ಬ್ಯಾಗು ಹೆಗಲಿಗೇರಿಸಿದಳು.

"ಅಳ್ಸಿದ್ದು ನೀವು ಸಾರ್. ಬರ್ಯೋದೂ ನೀವೇ."

ಬಸ್ಸಿಗೆ ಹೊರಟುಹೋದಳು. ವಿದ್ಯಾರ್ಥಿಯೊಬ್ಬರ ಮುಂದೆ ನಾನು ಎಂದೂ ಹೀಗೆ ನಿಂತಿರಲಿಲ್ಲ.

೬-೪-೯೮

ಬರೆದೆ. ಸೆಕ್ರೆಟರಿಯವರ ಹಾಳೆ ಹರಿದು ಹಾಕಿ ನನ್ನದೇ ಟೈಪ್ ಮಾಡಿದೆ. ವಿಶೇಷಣ ಒಂದೂ ಇಲ್ಲ. ಹತ್ತು ಕಂಪ್ಯೂಟರ್‌ಗಳ ಸೀರಿಯಲ್ ನಂಬರ್. ಮಾರ್ಚ್ ಹನ್ನೆರಡರಂದು ಎಲ್ಲಿದ್ದವು, ಹದಿನಾಲ್ಕರಂದು ಎಲ್ಲಿದ್ದವು. ಯಾವ ಗಾಡಿಯಲ್ಲಿ ಹೋದವು, ಗಾಡಿಯ ನಂಬರ್. ಪ್ರೋಗ್ರಾಂ ಬರೆದವಳು ಮುನಿರತ್ನ. ಅವಳ ಹೆಸರು ಅಳಿಸಿದವನು ಕೆಳಗೆ ಸಹಿ ಮಾಡಿರುವ ನಾನು. ಉಳಿದ ವಿದ್ಯಾರ್ಥಿಗಳಿಗೆ ಬೇರೆ ಸೆಂಟರಿನಲ್ಲಿ ಪರೀಕ್ಷೆ ಕೊಡಬೇಕೆಂದು ಕೊನೆಗೆ ಕೋರಿಕೆ.

ಪ್ರಿನ್ಸಿಪಾಲರು ಓದಿದರು. ಮಡಿಸಿ ವಾಪಸ್ ಕೊಟ್ಟರು. "ನಾನ್ ಇದನ್ನ ನೋಡೇ ಇಲ್ಲ ಕಣ್ರೀ."

೭-೪-೯೮, ಮಂಗಳವಾರ. ಬೆಂಗಳೂರು, ವಿಶ್ವವಿದ್ಯಾಲಯ. ಮಧ್ಯಾಹ್ನ

ಟಪಾಲು ವಿಭಾಗದವನು ತೆಗೆದುಕೊಳ್ಳಲಿಲ್ಲ. ಕಾಲೇಜಿನ ಸೀಲ್ ಇಲ್ಲ, ಪ್ರಿನ್ಸಿಪಾಲರ ಮೂಲಕ ಬಂದಿಲ್ಲ. ಇವತ್ತೇ ಕೊನೆಯ ದಿನ ಎಂದೆ. ಹಲ್ಲು ಕೆದಕುತ್ತ ಹೌದಲ್ವಾ ಎಂದ. ಸುಳ್ಳಿಗಾದರೆ ಸೀಲ್ ಎಷ್ಟು ಬೇಗ ಸಿಗುತ್ತಿತ್ತು.

ಮೇಡಂ ಕೋಣೆ ಹುಡುಕಿಕೊಂಡು ಹೋದೆ. ನೋಡಿದ ಕೂಡಲೇ ಗುರುತು ಹಿಡಿದರು.

"ಹೊಸಕೋಟೆಯವರಲ್ವಾ ನೀವು? ಇಮ್ಯಾಕ್ಸ್ ಹಾಕಿದವರು?"

"ದೇವನಹಳ್ಳಿಲೂ ಇದ್ದೆ ಮೇಡಂ. ಗೋಡೆ ಆಚೆ."

ಅವರ ಮುಖ ಕಪ್ಪಿಟ್ಟಿತು. ಹಾಳೆ ತೆಗೆದುಕೊಂಡು ಓದಿದರು. ಎರಡನೇ ಸಲ ಓದಿದರು.

"ಇದನ್ನ ನಾನು ತಗೊಂಡ್ರೆ ನಿಮ್ಮ ಕೆಲಸ ಹೋಗುತ್ತೆ."

"ಗೊತ್ತು ಮೇಡಂ."

"ನಾನು ಮಾಡಿದ ಸಹಿ ಸುಳ್ಳು ಅಂತಲೂ ಆಗುತ್ತೆ."

ಅದಕ್ಕೆ ಉತ್ತರ ಕೊಡಬೇಕಾದವನು ನಾನಲ್ಲ.

ಹಾಳೆಯ ಮೂಲೆಯಲ್ಲಿ ಇವತ್ತಿನ ತಾರೀಕು ಬರೆದು ಇನಿಷಿಯಲ್ ಹಾಕಿದರು. ಎದ್ದು ಪರೀಕ್ಷಾ ವಿಭಾಗದ ಕಡೆ ನಡೆದರು. ಕೂತಿರಿ ಎಂದರು. ಬೆಂಚಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಇಪ್ಪತ್ತು ನಿಮಿಷ ಆಯಿತು. ಒಳಗಿನಿಂದ ಚೇರ್ಮನ್ ದನಿ ಕೇಳುತ್ತಿದೆ, ಏರಿದೆ. ನಡುವೆ ಮೇಡಂ ದನಿ. ಅದೂ ಏರಿದೆ. ಈ ಸಲ ಕುರ್ಚಿ ಸರಿದ ಸದ್ದಿಲ್ಲ.

ಜವಾನ ಬಂದ. ಆ ಹುಡುಗಿಯ ರಿಜಿಸ್ಟರ್ ನಂಬರ್ ಎಷ್ಟು ಎಂದು ಒಳಗೆ ಕೇಳುತ್ತಿದ್ದಾರಂತೆ, ಹಾಲ್ ಟಿಕೆಟ್‌ಗೆ. ನನಗೆ ಬಾಯಿಪಾಠ. ಹೇಳಿ ಬಂದು ಉಳಿದದ್ದು ಬರೆಯುತ್ತೇನೆ.