ಜಾಳಿಗೆ ಚೀಲದ ಪಾಳಿ

ನರೋಣಾ
೧೨ ಆಗಸ್ಟ್ ೨೦೨೫

ಪ್ರೀತಿಯ ಸೀಮಾ,

ಹೇಗಿದ್ದೀಯವ್ವ? ಅಳಿಯಂದಿರ ಬೆನ್ನುನೋವು ಕಡಿಮೆ ಆಯಿತೇ? ನಾವಿಲ್ಲಿ ಉಂಡುತಿಂದು ಇದ್ದೇವೆ. ಫೋನಿನಲ್ಲಿ ನಿಮ್ಮಪ್ಪನ ಹೆಸರು ಎತ್ತಿದರೆ ಸಾಕು, ಕುಕ್ಕರ್ ಸೀಟಿ ಹೊಡೆಯಿತು ಎಂದು ಇಟ್ಟುಬಿಡುತ್ತೀ. ದಿನಕ್ಕೆ ಎಷ್ಟು ಸಲ ಅನ್ನ ಮಾಡುತ್ತೀಯೋ ನಾ ಕಾಣೆ. ಅದಕ್ಕೇ ಈ ಕಾಗದ ಬರೆದು, ಸೊಲ್ಲಾಪುರ ಬಸ್ಸಿನ ಕಂಡಕ್ಟರ್ ಧರ್ಮಣ್ಣನ ಕೈಯಲ್ಲಿ ಕಳಿಸುತ್ತಿದ್ದೇನೆ.

ನಿನ್ನ ಮದುವೆಗೆ ಮನೆ ಸ್ವಚ್ಛ ಮಾಡುವಾಗ ನಿಮ್ಮಪ್ಪ ಟ್ರಂಕಿನಲ್ಲಿ ಕೂಡಿಟ್ಟಿದ್ದ ಮೈಸೋಪುಗಳನ್ನೆಲ್ಲ ನೀನು ಕೇಳದೆ ಓಣಿಗೆ ಹಂಚಿದೆ. ಅದು ತಪ್ಪೆಂದು ನಾನು ಹೇಳುವುದಿಲ್ಲ, ಆ ಟ್ರಂಕಿನಲ್ಲಿ ನನ್ನ ರೇಷ್ಮೆ ಸೀರೆಗೂ ಜಾಗ ಇರಲಿಲ್ಲ. ಆದರೆ ಬೀಗರ ಮುಂದೆ "ಅಪ್ಪಗ ಹುಚ್ಚು ಹಿಡದದ" ಅಂದೆಯಲ್ಲ, ಅದು ಅವರಿಗೆ ನಾಟಿತು. ಎರಡು ವರ್ಷದಿಂದ ಅಪ್ಪ ಮಗಳು ಮಾತು ಬಿಟ್ಟಿದ್ದೀರಿ, ನಡುವೆ ನಾನು ಬೇಯುತ್ತಿದ್ದೇನೆ.

ಮದುವೆಯಾದ ಹೊಸದರಲ್ಲಿ ನಾನೂ ಇವರಿಗೆ ಹುಚ್ಚೆಂದೇ ಅಂದುಕೊಂಡಿದ್ದೆ. ಆರು ವರ್ಷ ಸೋವಿಯತ್ ದೇಶದ ಮಿನ್ಸ್ಕ್‌ನಲ್ಲಿ ಟ್ರ್ಯಾಕ್ಟರ್ ಕೆಲಸ ಕಲಿತು ಬಂದ ಗಂಡ ಏನೇನು ತಂದಿದ್ದಾರೋ ಎಂದು ನೋಡಿದರೆ ಒಂದು ಜಾಳಿಗೆ ಚೀಲ, ಒಂದು ಜೊತೆ ಕೆಂಪು ಬೂಟು. ಅಲ್ಲಿ ಯಾವ ಅಂಗಡಿಗೆ ಏನು, ಎಷ್ಟು ಎಂದು ಮೇಲಿನವರೇ ಲೆಕ್ಕ ಹಾಕಿ ಕಳಿಸುತ್ತಿದ್ದರಂತೆ. ಕೈಯಲ್ಲಿ ರೊಕ್ಕ ಇದ್ದರೂ ಅಂಗಡಿಯಲ್ಲಿ ಸಾಮಾನಿಲ್ಲ. ಕೊನೆಕೊನೆಗೆ ಸೋಪಿಗೂ ಸಕ್ಕರೆಗೂ ಚೀಟಿ. ಅಂಗಡಿ ಮುಂದೆ ಜನ ಸಾಲುಗಟ್ಟಿದ ಪಾಳಿ ಕಂಡರೆ ಮೊದಲು ನಿಲ್ಲಬೇಕು, ಏನು ಕೊಡುತ್ತಾರೆಂದು ಆಮೇಲೆ ಕೇಳಬೇಕು. ಹಾಗೆ ಹಿಮದಲ್ಲಿ ಮೂರು ತಾಸು ನಿಂತಾಗ ಸಿಕ್ಕದ್ದು ಮಕ್ಕಳ ಬೂಟು. ಆಗಿನ್ನೂ ಮದುವೆಯೇ ಆಗಿರಲಿಲ್ಲ, ಆದರೂ ಬಿಡದೆ ತಂದರು. ನೀನು ಮಲಗುವಾಗಲೂ ಬಿಚ್ಚುತ್ತಿರಲಿಲ್ಲವಲ್ಲ, ಅವೇ ಬೂಟು.

ಹೋದ ಸೋಮವಾರ ತೊಗರಿಗೆ ಔಷಧ ತರಲು ಆಳಂದಕ್ಕೆ ಹೋದರು. ದಾರಿಯಲ್ಲಿ ಒಂದು ಉದ್ದನೆಯ ಪಾಳಿ. ಮೂವತ್ತೈದು ವರ್ಷವಾದರೂ ಚಟ ಹೋಗಿಲ್ಲ ನೋಡು, "ಕೊನಿಗಿ ಯಾರದೀರಿ?" ಎಂದು ಕೇಳಿ, ನಮ್ಮ ಓಣಿಯ ಬಳೆಗಾರ್ತಿ ವಜೀರುನ್ನಿಸಾ ಹಿಂದೆ ನಿಂತುಬಿಟ್ಟರು. ಅವಳು "ಏನ್ ಕೊಡಾಕತ್ತಾರಂತ ಗೊತ್ತದೇನ್ರಿ ಕಾಕಾ?" ಎಂದರೆ, "ಅದು ಆಮ್ಯಾಗ ತಿಳೀತದ, ಮೊದ್ಲ ಪಾಳಿ ತಪ್ಪಬಾರ್ದು" ಅಂದರಂತೆ. ಎರಡು ತಾಸಿನ ಮೇಲೆ ಮೇಜಿನ ಹತ್ತಿರ ಹೋಗಿ, ಕಿಸೆಯಲ್ಲಿ ಯಾವಾಗಲೂ ಇರುವ ಆ ಜಾಳಿಗೆ ಚೀಲ ಚಾಚಿದರೆ, ಅಲ್ಲಿದ್ದ ಡಾಕ್ಟರು ಅಂಗಿ ಬಿಚ್ಚಲು ಹೇಳಿದರು. ಅದು ಹೃದಯ ತಪಾಸಣೆಯ ಪಾಳಿ. ಚೀಲ ನೋಡಿ ನಕ್ಕ ಡಾಕ್ಟರು, ಯಂತ್ರದಿಂದ ಬಂದ ಕಾಗದ ನೋಡಿ ಮತ್ತೊಮ್ಮೆ ಯಂತ್ರ ಹಚ್ಚಿದರು ಎಂದು ವಜೀರುನ್ನಿಸಾ ನನಗೆ ಹೇಳಿದಳು. ಇವರು ಮನೆಗೆ ಬಂದು ಹೇಳಿದ್ದು ಇಷ್ಟೇ: "ಇವತ್ತ ಏನೂ ಕೊಡ್ಲಿಲ್ಲ."

ಹೊಲದಲ್ಲಿ ಹೆಸರುಕಾಯಿ ಬಿಡಿಸುವುದು ನಡೆದಿದೆ, ಮಳೆ ಪರವಾಗಿಲ್ಲ. ಅಳಿಯಂದಿರಿಗೆ ಶರಣು ಹೇಳು. ಬಸವಣ್ಣ ನಿಮ್ಮನ್ನು ತಣ್ಣಗಿಡಲಿ.

ನಿನ್ನ ಅವ್ವ,
ವಿದ್ಯಾವತಿ

ತಾ.ಕ.: ಧರ್ಮಣ್ಣ ಬಾಗಿಲಲ್ಲೇ ನಿಂತಿದ್ದಾನೆ. ನಿಮ್ಮಪ್ಪನನ್ನು ಕಲಬುರಗಿಗೆ ಕರೆದೊಯ್ದು ತೋರಿಸಿದೆವು, ಹೃದಯದ ಮೂರು ನಾಳ ಕಟ್ಟಿವೆಯಂತೆ. ಬರುವ ಸೋಮವಾರ ಆಪರೇಷನ್. ನನಗೆ ಹೆದರಿಕೆ ಆಗಿದೆ. ಸೀಮಾಗೆ ತಿಳಿಸಬೇಡ ಎಂದು ಆಣೆ ಹಾಕಿಸಿದ್ದಾರೆ. ಹಾಗೆಂದವರೇ, ಆಸ್ಪತ್ರೆಯಲ್ಲಿ ಪಕ್ಕದ ಕುರ್ಚಿಯ ಮೇಲೆ ಆ ಚೀಲ ಇಟ್ಟುಕೊಂಡು ಕೂತಿದ್ದರು. ಯಾರೇ ಕೂಡಲು ಬಂದರೂ "ಪಾಳಿ ಹಿಡದೀನ್ರಿ, ನಮ್ಮ ಮಗಳು ಬರಾಕತ್ತಾಳ" ಅನ್ನುತ್ತಿದ್ದರು. ಬರುವಾಗ ಎರಡು ಮೈಸೋಪು ತಾ.