ಗೇಟಿನ ಹತ್ತಿರ ನಿಂತವರು

ಸಿದ್ದಾಪುರ
೧೮ ಫೆಬ್ರವರಿ ೨೦೨೫

ಪ್ರೀತಿಯ ಗೌರಕ್ಕಾ,

ಖೈರುನ್ನೀಸಾಳ ಸಲಾಮು, ಜೊತೆಗೆ ನಿನ್ನ ಮನೆಯ ರೂಢಿಯಂತೆ ಶರಣು. ಮಂಡಿ ಆಪರೇಶನ್ ಆದಮೇಲೆ ಈಗ ಕೋಲು ಬಿಟ್ಟು ನಡೆಯುತ್ತಿದ್ದೀಯಾ? ಸಂಕ್ರಾಂತಿಗೆ ನೀನು ಕಳಿಸಿದ ಎಳ್ಳುಹೋಳಿಗೆ ತಲುಪಿತು. ತಲುಪಿತು ಅಂತ ಒಂದು ಮಾತು ತಿಳಿಸಲಿಕ್ಕೂ ಆಗದಷ್ಟು ತಲೆ ಕೆಟ್ಟಿತ್ತು, ಬೈಯಬೇಡ. ಫೋನು ಮಾಡೋಣವೆಂದರೆ ನಿನ್ನ ಕಿವಿಯ ಕಥೆ ಗೊತ್ತೇ ಇದೆ. ನಾನು ಕೂಗಿ ಹೇಳಿದ್ದು ನಿನಗೊಬ್ಬಳಿಗೆ ಬಿಟ್ಟು ದಾಸನಕೊಪ್ಪಕ್ಕೆಲ್ಲ ಕೇಳುತ್ತದೆ. ಅದಕ್ಕೇ ಶಾಲೆಯ ದಿನಗಳ ಹಾಗೆ ಕಾಗದ ಹಿಡಿದು ಕೂತಿದ್ದೇನೆ.

ಮೊದಲು ಸುದ್ದಿ. ತನ್ವೀರನ ಮದುವೆ ಕಳೆದ ಗುರುವಾರ ಆಯಿತು. ಚೆನ್ನಾಗಿಯೇ ಆಯಿತು. ಈ ಮಂಡಿ ಹೊತ್ತು ನೀನು ಓಡಿಬಂದೀಯೆಂದು ಮೊದಲೇ ತಿಳಿಸಲಿಲ್ಲ. ಇಷ್ಟು ಬರೆದು ಪೆನ್ನು ಕೆಳಗಿಟ್ಟು ಒಂದು ಲೋಟ ನೀರು ಕುಡಿದೆ. ಎಷ್ಟೋ ದಿನದಿಂದ ಹೊತ್ತ ಬುಟ್ಟಿ ಇಳಿಸಿದ ಹಾಗಿದೆ.

ಹುಡುಗಿ ಜರ್ಮನಿಯವಳು, ಹೆಸರು ಆಂಕೆ. ನಿನಗೆ ಗೊತ್ತಲ್ಲ, ತನ್ವೀರ ಅಲ್ಲಿ ವೃದ್ಧರ ಮನೆಯೊಂದರಲ್ಲಿ ನರ್ಸು. ಹೋದ ವರ್ಷ ಮಗ ಇವಳ ವಿಷಯ ಹೇಳಿದಾಗ ನಮ್ಮ ಯಜಮಾನರು ಊಟ ಬಿಟ್ಟರು. ಕಿರವತ್ತಿಯಿಂದ ನನ್ನ ತಂಗಿ ಜೈತೂನ ಓಡಿಬಂದು, "ಆಪಾ, ಅವರಲ್ಲಿ ಗಂಡ ಅಂದ್ರೆ ಬಾಡಿಗೆ ಮನೆ ಇದ್ದ ಹಾಗೆ. ಬೇಡವಾದ್ರೆ ಖಾಲಿ ಮಾಡ್ತಾರೆ. ಹೆತ್ತೋರನ್ನೇ ಆಶ್ರಮಕ್ಕೆ ಹಾಕೋ ಜನ, ನಾಳೆ ನಿನ್ನನ್ನ ಏನು ನೋಡಿಕೊಂಡಾರು?" ಅಂದಳು. ನಾನು ಹೌದೌದು ಅಂದೆ. ಪಾಠ ಹೇಳಿ ಹೇಳಿ ಮೂವತ್ತು ವರ್ಷ ಕಳೆದವಳು, ಜರ್ಮನಿಯವರೊಬ್ಬರನ್ನೂ ಕಣ್ಣಲ್ಲಿ ಕಂಡವಳಲ್ಲ, ಆದರೂ ಎಲ್ಲ ಗೊತ್ತಿದ್ದವಳ ಹಾಗೆ ಹೌದೌದು ಅಂದೆ.

ಆಮೇಲೆ ತನ್ವೀರನನ್ನು ಕೇಳಿದೆ, ನಿನಗೆ ಇವಳ ಪರಿಚಯ ಆದದ್ದಾದರೂ ಎಲ್ಲಿ ಅಂತ. "ಅವಳ ಅಪ್ಪ ನನ್ನ ವಾರ್ಡಿನಲ್ಲೇ ಇದ್ದಾರೆ ಅಮ್ಮಿ. ಕೈ ನಡುಗೋ ಕಾಯಿಲೆ. ಅವಳು ಕೆಲಸ ಮುಗಿಸಿ ಪ್ರತಿದಿನ ಸಂಜೆ ಬಂದು ಸೂಪು ಕುಡಿಸಿ, ಗಡ್ಡ ಕೆರೆದು, ಪೇಪರು ಓದಿ ಹೋಗ್ತಾಳೆ. ಹಿಮ ಬಿದ್ದ ದಿನವೂ ತಪ್ಪಿಸಿಲ್ಲ" ಅಂದ. ಮನೆಯಲ್ಲೇ ಏಕೆ ಇಟ್ಟುಕೊಳ್ಳಲಿಲ್ಲ ಅಂತ ನಾನು ಬಿಡಲಿಲ್ಲ. ಅವಳ ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ; ಹಗಲೆಲ್ಲ ಅವಳು ಕೆಲಸಕ್ಕೆ ಹೋದರೆ ಬಿದ್ದರೂ ಎತ್ತುವವರಿಲ್ಲ; ಹೋಗುತ್ತೇನೆ ಅಂದದ್ದು ಅಪ್ಪನೇ.

ಜನವರಿಯಲ್ಲಿ ಬಂದಳು. ನನಗಿಂತ ಒಂದು ಮೊಳ ಎತ್ತರ. ಮೊದಲ ದಿನ ಇಡೀ ಮನೆ ಸೇರಿ ಅಡಿಗೆ ಮಾಡಿದ್ದೆವು. ಒಂದು ತುತ್ತು ಬಾಯಿಗಿಟ್ಟವಳೇ, "ರುಚಿಯಾಗಿದೆ, ಆದರೆ ಉಪ್ಪು ಸ್ವಲ್ಪ ಜಾಸ್ತಿ" ಅಂದುಬಿಟ್ಟಳು; ತನ್ವೀರ ಅದನ್ನು ಹಾಗೇ ಕನ್ನಡಕ್ಕೆ ತಿರುಗಿಸಿದ. ಜೈತೂನ ನನ್ನ ಮುಖ ನೋಡಿದಳು. ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಗೌರಕ್ಕಾ, ಇವರು ಮೆಲ್ಲನೆ ತಟ್ಟೆಯಿಂದ ತಲೆ ಎತ್ತಿ, "ನಾನು ಇದನ್ನ ಹೇಳಬೇಕು ಅಂತ ಎಷ್ಟು ವರ್ಷದಿಂದ ಕಾಯ್ತಿದ್ದೆ" ಅಂದರಲ್ಲ! ನಗದೆ ಏನು ಮಾಡಲಿ?

ಅವಳೂ ನಮ್ಮ ಬಗ್ಗೆ ಏನೇನೋ ತುಂಬಿಕೊಂಡೇ ಬಂದಿದ್ದಳು ಅನ್ನು. ಪೇಟೆಗೆ ಹೊರಟಾಗ ತನ್ವೀರನ ಕಿವಿಯಲ್ಲಿ, "ಅಮ್ಮಿ ಹೊರಗೆ ಬರಲಿಕ್ಕೆ ನಿಮ್ಮಪ್ಪನ ಅನುಮತಿ ಬೇಕಾ?" ಅಂತ ಕೇಳಿದಳಂತೆ. ನಾನು ಅಷ್ಟರಲ್ಲಿ ಸ್ಕೂಟಿ ಹೊರಗೆ ತಂದು, "ಹಿಂದೆ ಕೂರ್ತೀಯಾ, ಇಲ್ಲ ನಡೆದು ಬರ್ತೀಯಾ?" ಅಂತ ನನ್ನ ಹರಕು ಇಂಗ್ಲಿಷಿನಲ್ಲಿ ಕೇಳಿದೆ. ಕೂತಳು. ತಿರುವಿನಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದಳು, ಪಾಪ. ಇಳಿದಮೇಲೆ ತಾನೇ ಆ ಪ್ರಶ್ನೆಯ ವಿಷಯ ಹೇಳಿ ಕ್ಷಮೆ ಕೇಳಿದಳು. ನಾನೂ ಜೈತೂನಳ ಬಾಡಿಗೆ ಮನೆ ಮಾತು ಹೇಳಿಬಿಟ್ಟೆ. ಕಬ್ಬಿನಹಾಲಿನ ಅಂಗಡಿಯೆದುರು ನಿಂತು ಇಬ್ಬರೂ ನಕ್ಕದ್ದು ನೋಡಿ ಜನ ಏನಂದುಕೊಂಡರೋ.

ಹಾಗಂತ ಅವರದೆಲ್ಲ ಬಂಗಾರ ಅಂತಲೂ ಅಲ್ಲ. ಅವಳ ಅಣ್ಣ ಮನೆ ಮಾರಾಟದ ಜಗಳದಲ್ಲಿ ಅಪ್ಪನ ಮುಖ ನೋಡದೆ ವರ್ಷಗಳಾದವಂತೆ. ಹೇಳುವಾಗ ಅತ್ತಳು. ಆಸ್ತಿಗೆ ಮುನಿದು ಅಪ್ಪನನ್ನು ಬಿಟ್ಟವರು ನಮ್ಮ ಓಣಿಯಲ್ಲೂ ಇಲ್ಲವೇ?

ಇನ್ನು ನಡೆದ ಗಲಾಟೆ ಹೇಳುತ್ತೇನೆ. ಧರ್ಮ ಬದಲಿಸುವ ಮಾತು ಇಬ್ಬರಿಗೂ ಬೇಡವಾಗಿತ್ತು. ಅದಕ್ಕೆ ಸರಕಾರಿ ಮದುವೆಗೆ ಅರ್ಜಿ ಹಾಕಿದರು. ಅಂಥ ಮದುವೆಗೆ ಒಂದು ತಿಂಗಳು ಮೊದಲೇ ಹೆಸರು, ವಿಳಾಸ ಬರೆದು ಕಚೇರಿಯ ಬೋರ್ಡಿಗೆ ಹಚ್ಚುತ್ತಾರೆ. ಯಾರೋ ಪುಣ್ಯಾತ್ಮರು ಅದರ ಫೋಟೋ ತೆಗೆದು ವಾಟ್ಸಾಪಿನಲ್ಲಿ ಹರಿಬಿಟ್ಟರು. "ವಿದೇಶಿ ಹುಡುಗಿಗೆ ಬಲೆ" ಅಂತ ಮೇಲೆ ಬರೆದು.

ಗಡುವು ಮುಗಿಯುವ ಮೊದಲಿನ ಭಾನುವಾರ ಮಧ್ಯಾಹ್ನ, ಮಸೀದಿಯ ಜಮಾತಿನ ಹಿರಿಯರಾದ ಗಫಾರ್ ಹಾಜಿ ಮನೆಗೆ ಬಂದರು. ನನಗೆ ಅವರನ್ನು ಕಂಡರೆ ಸಣ್ಣವಳಿದ್ದಾಗಿನಿಂದ ಹೆದರಿಕೆ. ಹುಡುಗಿ ಕಲ್ಮಾ ಓದಿ ನಮ್ಮ ಧರ್ಮಕ್ಕೆ ಸೇರಲೇಬೇಕು, ಇಲ್ಲದಿದ್ದರೆ ನಿಮ್ಮ ಮನೆಯ ಮಣ್ಣಿಗೂ ನಾವು ಬರುವುದಿಲ್ಲ ಅನ್ನುತ್ತಾರೆ ಅಂತಲೇ ಲೆಕ್ಕ ಹಾಕಿದ್ದೆ. ಅವರು ಕೂತು, ಟೊಪ್ಪಿ ಸರಿಮಾಡಿಕೊಂಡು, ಇನ್ನೇನು ಬಾಯಿ ತೆರೆಯಬೇಕು, ಗೇಟಿನ ಹತ್ತಿರ ಬೈಕುಗಳ ಸದ್ದು. ಏಳೆಂಟು ಹುಡುಗರು. ಮುಂದೆ ನಿಂತವನು ದಿನಕರ, ಪೇಟೆಯಲ್ಲಿ ಮೊಬೈಲ್ ಅಂಗಡಿ ಇಟ್ಟವನು.

"ಟೀಚರ್, ಆ ಹುಡುಗೀನ ಹೊರಗೆ ಕಳಿಸಿ. ನಮಗೆ ಮಾತಾಡಬೇಕು."

ಇವರು ಬಾಗಿಲಿಗೆ ಅಡ್ಡ ನಿಂತರು. ತನ್ವೀರ, "ಏನಿದ್ದರೂ ನನ್ನ ಹತ್ರ ಹೇಳಿ, ನಾನು ಅವಳಿಗೆ ಹೇಳ್ತೇನೆ" ಅಂದ. "ನೀನು ಹೇಳಿಕೊಡೋದು ಬೇಡ. ನಿಮ್ಮ ಮನೆಯವರು ಯಾರೂ ಬೇಡ" ಅಂದ ದಿನಕರ. ಅಷ್ಟರಲ್ಲಿ ಎದುರು ಮನೆಯ ಸೌಮ್ಯ, ನಾಗಪತಿ ನಾಯ್ಕರ ಮಗಳು, ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಾಳಲ್ಲ, ಒಣಹಾಕಿದ ಬಟ್ಟೆ ತೆಗೆಯುತ್ತಿದ್ದವಳು ಹೆಗಲ ಮೇಲೆ ಟವೆಲ್ ಹಾಕಿಕೊಂಡೇ ಬಂದಳು. "ಎಂತ ದಿನಕರಣ್ಣ? ನಾನು ಹೇಳಿದ್ರೆ ಅಡ್ಡಿ ಇಲ್ಯಾ?" ಅಂದಳು. ಅವನಿಗೆ ಬೇಡ ಅನ್ನಲಾಗಲಿಲ್ಲ.

ಆಂಕೆ ಹೊರಗೆ ಬಂದಳು. ತಲೆ ತೊಳೆದುಕೊಂಡಿದ್ದಳು, ಕೂದಲಿನಿಂದ ನೀರು ಇಳಿಯುತ್ತಿತ್ತು. ಅವಳನ್ನು ಒಳಗೆ ಎಳೆದುಕೊಂಡು ಬಾಗಿಲು ಹಾಕಿಬಿಡಬೇಕು ಅನ್ನಿಸಿತು ನನಗೆ.

"ಇವರು ನಿಮ್ಮನ್ನ ಬಲವಂತದಿಂದ ಮತಾಂತರ ಮಾಡ್ತಿದಾರಾ, ಕೇಳು" ಅಂದ ದಿನಕರ. ಸೌಮ್ಯ ಕೇಳಿದಳು. ಆಂಕೆ ಇಂಗ್ಲಿಷಿನಲ್ಲಿ ಸರಸರ ಏನೋ ಹೇಳಿದಳು. ಸೌಮ್ಯ ನಗು ತಡೆದುಕೊಂಡು, "ಈ ಮನೇಲಿ ಬಲವಂತ ಇರೋದು ಹೌದಂತೆ. ಸಾಕು ಅಂದ್ರೂ ಬಡಿಸ್ತಾರಂತೆ. ಬೇರೆ ಯಾವ ಬಲವಂತವೂ ಇಲ್ಲವಂತೆ. ಕ್ರಿಸ್ಮಸ್ಸಿಗೆ ಚರ್ಚಿಗೆ ಹೋಗ್ತಾ ಇದ್ದಳಂತೆ, ಇನ್ನು ಮುಂದೆಯೂ ಹೋಗ್ತಾಳಂತೆ" ಅಂದಳು. ಹಿಂದಿದ್ದ ಒಂದಿಬ್ಬರು ಹುಡುಗರು ಕಿಸಕ್ಕೆಂದರು.

ಅದು ದಿನಕರನಿಗೆ ಚುಚ್ಚಿತು ಕಾಣುತ್ತದೆ. ದನಿ ಏರಿಸಿದ. "ಇವಳಿಗೇನು, ಇವಳ ದೇಶದಲ್ಲಿ ಎರಡು ವರ್ಷಕ್ಕೊಬ್ಬ ಗಂಡ. ಇವರಲ್ಲೋ ಒಬ್ಬನಿಗೆ ನಾಲ್ಕು ಹೆಂಡತಿ. ಅದನ್ನೂ ಹೇಳು ಅವಳಿಗೆ!"

ಸೌಮ್ಯ ಹೇಳಲಿಲ್ಲ. ಆಗ ನನ್ನ ಬೆನ್ನ ಹಿಂದಿನಿಂದ ಗಫಾರ್ ಹಾಜಿ ಊರುಗೋಲು ಊರಿಕೊಂಡು ಹೊರಗೆ ಬಂದರು. ಮುಗಿಯಿತು, ಇನ್ನು ಹೊಡೆದಾಟವೇ ಅಂದುಕೊಂಡೆ. ಅವರು ಮೆಟ್ಟಿಲ ಮೇಲೆ ನಿಂತು, "ತಮ್ಮಾ, ನನಗೆ ಎಪ್ಪತ್ತು ದಾಟಿತು. ಕಟ್ಟಿಕೊಂಡದ್ದು ಒಬ್ಬಳನ್ನೇ. ಅವಳೂ ನನ್ನನ್ನ ಬಿಟ್ಟು ಮೊದಲೇ ಹೋದಳು. ನಿನ್ನ ಲೆಕ್ಕದಲ್ಲಿ ನನಗೆ ಇನ್ನೂ ಮೂವರು ಬರಬೇಕು. ಎಲ್ಲಿದ್ದಾರೆ ಹೇಳಪ್ಪಾ, ಒಂದು ಲೋಟ ಗಂಜಿ ಕಾಯಿಸಿ ಕೊಡೋರಿಲ್ಲ ಮನೇಲಿ" ಅಂದರು.

ಈ ಸಲ ಹುಡುಗರು ಗಟ್ಟಿಯಾಗಿಯೇ ನಕ್ಕರು. ದಿನಕರ ನಗಲಿಲ್ಲ, ಆದರೆ ಕತ್ತು ತಗ್ಗಿಸಿದ. ಅವನ ತಾಯಿಯೂ ಕಳೆದ ವರ್ಷ ತೀರಿಕೊಂಡಿದ್ದಾಳೆ. ಮನೆಯಲ್ಲಿ ಅಪ್ಪ ಒಬ್ಬನೇ. ನಾನು ಒಳಗೆ ಹೋಗಿ ದೊಡ್ಡ ಪಾತ್ರೆಯಲ್ಲಿ ಚಾ ಇಟ್ಟೆ. ಹುಡುಗರು ಗೇಟಿನ ಹತ್ತಿರವೇ ನಿಂತು ಕುಡಿದರು. ಹೋಗುವಾಗ ದಿನಕರ, "ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಾವು ನೋಡ್ತಾ ಇರ್ತೇವೆ" ಅಂದ. ಬೆದರಿಕೆಯೋ ಕಾಳಜಿಯೋ ಅವನಿಗೇ ತಿಳಿಯದ ಹಾಗಿತ್ತು ಆ ಮಾತು.

ಅವರು ಹೋದಮೇಲೆ ಹಾಜಿಯವರ ಎದುರು ನಿಂತೆ. ಈಗ ನಿಮ್ಮ ಸರದಿ, ಹೇಳಿಬಿಡಿ ಅಂದೆ. ಅವರು ಚಾ ಬಸಿಗೆ ಸುರಿದುಕೊಳ್ಳುತ್ತ, "ನಾನು ಕೇಳಲಿಕ್ಕೆ ಬಂದದ್ದು ಬೇರೆ ಬೇಟಿ. ಆ ಹುಡುಗಿ ಕಡೆಯವರು ಯಾರೂ ಇಲ್ಲಿಲ್ಲವಲ್ಲ. ಮದುವೆ ದಿನ ಹೆಣ್ಣಿನ ಕಡೆಯವನಾಗಿ ನಾನು ಕೂತರೆ ನಿಮ್ಮ ಅಭ್ಯಂತರ ಇದೆಯಾ?" ಅಂದರು. ಅವಳು ಕಲ್ಮಾ ಓದುವುದಿಲ್ಲವಲ್ಲ ಚಾಚಾ ಅಂದೆ. "ಕ್ರಿಸ್ತರ ಹುಡುಗಿ ಅವಳ ಧರ್ಮದಲ್ಲೇ ಇದ್ದು ನಮ್ಮ ಹುಡುಗನ್ನ ಮದುವೆ ಆಗಲಿಕ್ಕೆ ನಮ್ಮಲ್ಲಿ ಜಾಗ ಇದೆ. ನೀನು ಟೀಚರು, ನಿನಗೆ ಗೊತ್ತಿಲ್ಲವಾ?" ಅಂದರು. ಬೇರೆಯವರು ನಮ್ಮನ್ನು ಒಂದೇ ಅಚ್ಚಿನಲ್ಲಿ ಒತ್ತುತ್ತಾರೆ ಅಂತ ನಾನು ನಿನ್ನೆದುರು ಎಷ್ಟು ಸಲ ಗೋಳಾಡಿಲ್ಲ! ನಮ್ಮ ಗಡ್ಡದ ಹಿರಿಯರನ್ನು ನಾನೇ ಅದೇ ಅಚ್ಚಿಗೆ ಹಾಕಿ ಕೂತಿದ್ದೆ ನೋಡು.

ಗುರುವಾರ ಕಚೇರಿಯಲ್ಲಿ ಸಹಿಯಾಯಿತು, ಸೌಮ್ಯಳದೂ ಒಂದು ಸಾಕ್ಷಿ ಸಹಿ. ಮಧ್ಯಾಹ್ನ ಮನೆಯಲ್ಲಿ ನಿಕಾಹ್, ಹೆಣ್ಣಿನ ಕಡೆಯವರಾಗಿ ಹಾಜಿಯವರೇ ಕೂತರು. ಫೋನಿನಲ್ಲಿ ಆಂಕೆಯ ಅಪ್ಪ ಕಂಡರು. ಅಂಗಿಯ ಮೇಲೆ ಕೋಟು ಹಾಕಿಸಿಕೊಂಡು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಕೈ ನಡುಗುತ್ತಲೇ ಇತ್ತು. ಅವರು ನನ್ನನ್ನು ಕೇಳಿದ್ದು ಒಂದೇ ಮಾತು: "ನನ್ನ ಮಗಳು ಸರಿಯಾಗಿ ಊಟ ಮಾಡ್ತಾಳಾ? ಚಿಕ್ಕವಳಿದ್ದಾಗ ಬಹಳ ಕಾಡ್ತಿದ್ದಳು." ತನ್ವೀರ ಅದನ್ನು ಕನ್ನಡದಲ್ಲಿ ಹೇಳುವಷ್ಟರಲ್ಲಿ ಇವರು ಎದ್ದು ಹಿತ್ತಲಿಗೆ ಹೋದರು. ಕಣ್ಣೊರೆಸಿಕೊಂಡು ಬಂದು, "ನಮ್ಮ ಮಗನ್ನ ಅವರು ನೋಡಿಕೊಳ್ತಾರೆ ಬಿಡು" ಅಂದರು. ಅಂದೇ ಅವರು ಮೊದಲಿನಂತೆ ಹೊಟ್ಟೆ ತುಂಬ ಉಂಡದ್ದು.

ಜೈತೂನ ಊರಿಗೆ ಹೊರಡುವಾಗ ಆಂಕೆಯ ಕೈಗೆ ಬಳೆ ತೊಡಿಸಲು ಹೋದಳು. ಬಳೆ ಅಂಗೈ ದಾಟಲಿಲ್ಲ. ಸಾಬೂನು ಹಚ್ಚಿ ಹಚ್ಚಿ ಇಬ್ಬರೂ ಒದ್ದಾಡಿದರು. ಮಾರ್ಚಿನಲ್ಲಿ ಮಕ್ಕಳು ಹೊರಡುತ್ತಾರೆ. ಅಷ್ಟರೊಳಗೆ ರಂಜಾನ್ ಬರುತ್ತದೆ. ತಾನೂ ಒಂದು ದಿನ ಉಪವಾಸ ಇರುತ್ತೇನೆ ಅನ್ನುತ್ತಿದ್ದಾಳೆ. ಯಾರೂ ಹೇಳಿಲ್ಲ ಮಾರಾಯ್ತಿ, ಸುಮ್ಮನೆ ಉಣ್ಣು ಅಂತ ನಾನು.

ನಿನ್ನ ಮಂಡಿ ಬೇಗ ಗಟ್ಟಿಯಾಗಲಿ. ನಿನ್ನ ಮನೆಯ ಹಟ್ಟಿ ತುಂಬಿರಲಿ, ಒಲೆ ಆರದಿರಲಿ. ನಮ್ಮ ಹೊಸ ಜೋಡಿಗೆ ನೀನಿದ್ದಲ್ಲಿಂದಲೇ ನಾಲ್ಕು ಅಕ್ಷತೆ ಹಾಕು.

ನಿನ್ನ ಪ್ರೀತಿಯ
ಖೈರೂ

ಮತ್ತೊಂದು ಮಾತು: ಇದನ್ನು ಬರೆಯಬಾರದು ಅಂತ ಲಕೋಟೆ ಅಂಟಿಸಿದ್ದೆ, ಬಿಚ್ಚಿದೆ. ಆವತ್ತು ಬಂದ ಹುಡುಗರಲ್ಲಿ ಒಬ್ಬ ಕೊನೆಯ ತನಕ ಬೈಕಿನಿಂದ ಇಳಿಯಲಿಲ್ಲ, ಹೆಲ್ಮೆಟ್ ತೆಗೆಯಲಿಲ್ಲ. ನಮ್ಮ ಸುಭಾಷ, ಗೌರಕ್ಕಾ. ನಿನ್ನ ಮಗ. ನಿನಗೆ ಟೈಫಾಯ್ಡ್ ಬಂದಾಗ ಒಂದು ಮಳೆಗಾಲ ಪೂರ್ತಿ ನನ್ನ ಪಕ್ಕದಲ್ಲೇ ಮಲಗಿದ ಕೂಸು, ಕೂತ ಭಂಗಿ ನೋಡಿದರೆ ನನಗೆ ಗೊತ್ತಾಗುವುದಿಲ್ಲವೇ? ಹೆಸರು ಹಿಡಿದು ಕರೆಯಬೇಕು ಅನ್ನಿಸಿತು. ಜೊತೆಯವರೆದುರು ಅವನಿಗೆ ಅವಮಾನ ಆದೀತೆಂದು ಕರೆಯಲಿಲ್ಲ. ಅವನೊಬ್ಬ ಚಾ ಕುಡಿಯಲಿಲ್ಲ. ತನ್ವೀರನಿಗೆ ಇದು ಗೊತ್ತಿಲ್ಲ. ತಾನೇ ಫೋನಿನಲ್ಲಿ ಕರೆದಿದ್ದರೂ ಮದುವೆಗೆ ಸುಭಾಷಣ್ಣ ಯಾಕೆ ಬರಲಿಲ್ಲ ಅಂತ ಕೇಳುತ್ತಲೇ ಇದ್ದಾನೆ. ನೀನು ಬೈಯಬೇಡ, ಹೊಡೆಯುವ ವಯಸ್ಸೂ ಅಲ್ಲ. ಭಾನುವಾರ ಊಟಕ್ಕೆ ಕಾಯುತ್ತೇನೆ, ಅವನೇ ನಿನ್ನನ್ನು ಕರೆದುಕೊಂಡು ಬರಲಿ. ಬರುವಾಗ ನನ್ನೆದುರು ಮುಖ ಮುಚ್ಚಿಕೊಳ್ಳುವುದು ಬೇಡ ಅನ್ನು, ಅಷ್ಟೇ.