ಅಳದ ಕೂಸಿಗೊಂದು ಸಾಲು

ಧಾರವಾಡ, ೨೧೭೩ರ ಫೆಬ್ರವರಿ ಮೂವತ್ತು, ಬೆಳಗಿನ ಜಾವ ಮೂರೂ ಹತ್ತು

ಪೂಜ್ಯ ಚಂಪಕಾ ಅಜ್ಜಿಯವರಿಗೆ,

ಕೆಳಗೆ ಅತ್ತೆ ತಂಬೂರಿಯ ಬಿರಡೆ ತಿರುಗಿಸಿದ ಕಿರ್ರೆನ್ನುವ ಸದ್ದಿಗೆ ಎಚ್ಚರವಾಯಿತು. ಎಚ್ಚರವೇನು ಬಂತು, ನಿದ್ದೆ ಹತ್ತಿದ್ದರೆ ತಾನೆ. ಈ ತಾರೀಖು ನಿಮ್ಮಲ್ಲಿಲ್ಲ. ತಿಂಗಳುಗಳನ್ನು ಸಮ ಮಾಡಿದಾಗ ನಮಗೆ ಸಿಕ್ಕಿತು. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಹಿಂದಂಚೆ, ಅಂದರೆ ಕಳೆದ ಕಾಲಕ್ಕೆ ಹೋಗುವ ಟಪಾಲು, ಒಂದು ಮನೆಗೆ ಒಂದೇ ಪತ್ರ ಬಿಡುತ್ತದೆ. ನಾವು ಕೇಳಿದ ದಿನಕ್ಕೆ, ಬರೆದ ಹೊತ್ತಿಗೇ ತಲುಪಿಸುತ್ತದೆ. ನಿಮ್ಮಲ್ಲೂ ಈಗ ಕತ್ತಲೆಯೇ ಇರಬೇಕು. ನಾನು ನಿಮ್ಮ ಮನೆಯ ಐದನೆಯ ತಲೆಮಾರಿನ ಸೊಸೆ, ಮೇದಿನಿ.

ಕಾಲೇಜಿನಲ್ಲಿ ನಿಮ್ಮ ಮೇಲೆಯೇ ಪ್ರಬಂಧ ಬರೆದವಳು ನಾನು. ಇಪ್ಪತ್ತು ವರ್ಷ ಖಯಾಲ್ ಹಾಡಿ, ಒಂದು ದಿನ ಹಾಡುವುದನ್ನೇ ಬಿಟ್ಟು, ನಾಲ್ಕು ಹೊಲಿಗೆ ಯಂತ್ರಕ್ಕೂ ಒಂದು ತಂಬೂರಿಗೂ ಕೃತಿ ರಚಿಸಿದಿರಿ. ಚಹಾಕ್ಕೆಂದು ಎದ್ದ ಸಭಿಕರು ತಿರುಗಿ ಬರಲಿಲ್ಲವಂತೆ. ಆಮೇಲೆ ಮುನ್ನೂರು ವರ್ಷ ನಡೆಯುವ ‘ಮನೆತನ’ ಬರೆದಿರಿ. ಮನೆಯಲ್ಲಿ ಹುಟ್ಟಿದ ಕೂಸಿನ ಅಳುವಿಗೆ ಇಪ್ಪತ್ತೊಂದು ದಿನದೊಳಗೆ ತಂಬೂರಿಯ ಶ್ರುತಿ ಕೂಡಿಸಬೇಕು. ಮುಂದಿನ ಕೂಸು ಹುಟ್ಟುವವರೆಗೆ ಅದೇ ಶ್ರುತಿ. ನಾವದನ್ನು ಅಳುಶ್ರುತಿ ಎನ್ನುತ್ತೇವೆ. ದಿನಕ್ಕೆ ಮೂರು ಹೊತ್ತು ಯಾರಾದರೂ ಮೀಟುತ್ತಾರೆ. ಅಡುಗೆ, ಪಾಠ, ಜಗಳ ಎಲ್ಲ ಅದರ ನಾದದಲ್ಲೇ.

ನನ್ನ ಮಗಳು ಅಳುವುದಿಲ್ಲ. ಕಿವಿ, ಗಂಟಲು ಎಲ್ಲ ಸರಿಯಿದೆ ಎನ್ನುತ್ತಾರೆ ಡಾಕ್ಟರು. ಹಸಿದರೆ ತುಟಿ ಚಪ್ಪರಿಸಿ ನನ್ನನ್ನೇ ನೋಡುತ್ತಾಳೆ. ಇಂದು ಇಪ್ಪತ್ತೊಂದನೆಯ ದಿನ. ಬೆಳಿಗ್ಗೆ ಆರು ಗಂಟೆಗೆ ನೆಂಟರೆಲ್ಲ ಕೂತ ಮೇಲೆ ಅತ್ತೆ ಅವಳ ತೊಡೆ ಚಿವುಟುತ್ತಾರೆ. ಬೇಡವೆಂದೆ. ಅತ್ತೆ ನಕ್ಕುಬಿಟ್ಟರು. “ನಿನ್ನ ಗಂಡನ್ನೂ ಚೂಟೇ ಅಳಿಸಿದ್ದೆ ತಂಗಿ. ಸತ್ತಾನೇನು ಅಂವಾ?” ಅವರು ಕೆಟ್ಟವರಲ್ಲ ಅಜ್ಜಿ, ಕೂಸಿಗೆ ದಿನಾ ಎಣ್ಣೆ ತಿಕ್ಕಿ ಎರೆಯುವವರು ಅವರೇ. ನೀವು ಬರೆದದ್ದನ್ನು ಮೀರುವ ಧೈರ್ಯವಿಲ್ಲ, ಅಷ್ಟೆ. ಅಳುವೇ ಬರದಿದ್ದರೆ ಏನು ಮಾಡಬೇಕೆಂದು ನೀವು ಎಲ್ಲೂ ಹೇಳಿಲ್ಲ. ಕೃತಿ ನನ್ನಿಂದ ನಿಲ್ಲುವುದೂ ನನಗೆ ಬೇಡ. ಕೋಣೆಯ ಚಿಲಕ ಹಾಕಿ, ತೆಗೆದು, ಮತ್ತೆ ಹಾಕಿ ಕೂತಿದ್ದೇನೆ.

‘ಮನೆತನ’ದ ಕೊನೆಯ ಹಾಳೆ ನಿಮ್ಮ ಈ ಬೆಳಿಗ್ಗೆ ಏಳಕ್ಕೆ ಅಚ್ಚಿಗೆ ಹೋಗುತ್ತದೆ, ಪ್ರಬಂಧಕ್ಕಾಗಿ ನಾನೇ ಹುಡುಕಿದ ಸಂಗತಿ. ಹಾಳೆಯ ಅಡಿಯಲ್ಲಿ ಎರಡು ಬೆರಳಗಲ ಜಾಗ ಖಾಲಿ ಇದೆ. ಒಂದು ಸಾಲು ಸಾಕು: ಕೂಸು ಅಳದಿದ್ದರೆ ತಂಬೂರಿಯನ್ನು ಮೀಟದೆ ಇಡಿ, ಅದೂ ಕೃತಿಯೇ. ಮಗಳು ಈಗ ಕಣ್ಣು ಬಿಟ್ಟಳು. ಅಚ್ಚುಕೂಟದವರು ಮಲಗಿದ್ದರೆ ಎಬ್ಬಿಸಿ, ಬೈದರೆ ಬೈಸಿಕೊಳ್ಳಿ. ಬೆಳಗಾಗುವ ಮುನ್ನ ಅವರಿಗೆ ಫೋನು ಮಾಡಿ ಅಜ್ಜಿ, ದಯವಿಟ್ಟು ಮಾಡಿ.